ನೆಲಕ್ಕೆ ಬಿಡಲಾಗದ ಹಾಲು

ನಮ್ಮ ಲ್ಯಾಬಿನ ಮೇಡಂ ಯಾವ ಮಾತನ್ನೂ ‘ಹಾಗಲ್ಲ ರೀ’ ಎನ್ನದೆ ಶುರುಮಾಡುವವರಲ್ಲ. ‘ಮೇಡಂ, ಇವತ್ತು ಸೋಮವಾರ’ ಅಂದರೂ ‘ಹಾಗಲ್ಲ ರೀ, ಸೋಮವಾರ’ ಅನ್ನುತ್ತಾರೆ. ಮಾಲೂರಿನವರು. ದಿನಾ ಅಲ್ಲಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬರುತ್ತಾರೆ, ಸೀಟು ಸಿಗದ ದಿನದ ಸಿಟ್ಟನ್ನು ಹಾಲಿನ ಮೇಲೆ ತೋರಿಸಲಾಗದೆ ನಮ್ಮ ಮೇಲೆ ತೋರಿಸುತ್ತಾರೆ. ಮಾತು ಮುಗಿಸುವಾಗ ಗಂಟಲಲ್ಲಿ ಒಂದು ಸಣ್ಣ ‘ಹ್ಞುಂ’ ಬರುತ್ತದೆ, ಕಾಗದದ ಮೇಲೆ ಮೊಹರು ಒತ್ತಿದ ಹಾಗೆ. ಕೆಲಸಕ್ಕೆ ಸೇರಿದ ವಾರದೊಳಗೆ ನಾನು ಆ ‘ಹಾಗಲ್ಲ ರೀ’ಯನ್ನೂ ಆ ‘ಹ್ಞುಂ’ಅನ್ನೂ ಚೆನ್ನಾಗಿ ಕಲಿತೆ. ಹಾಲಿನ ಪರೀಕ್ಷೆ ಕಲಿಯಲು ಇನ್ನೂ ಬಹಳ ದಿನ ಹಿಡಿಯಿತು.

ಬೇರೆಯವರ ದನಿ ತೆಗೆಯುವುದು ನನಗೆ ಕಜ್ಜಿಯ ಹಾಗೆ ಅಂಟಿದ ಚಟ. ಕೆರೆಯದೇ ಇರಲಾಗುವುದಿಲ್ಲ. ವಕ್ಕಲೇರಿಯ ನಮ್ಮ ಮನೆಯಲ್ಲಿ ಅಮ್ಮನ ದನಿಯಲ್ಲಿ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದೆ. ಅವರು ಹೊಲದಿಂದ ಬಂದು, ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು ಕೂತಾಗ ಮುದ್ದೆಯ ಎಸರಿಗೆ ಇನ್ನೂ ಹಿಟ್ಟೇ ಬಿದ್ದಿರುತ್ತಿರಲಿಲ್ಲ. ದೊಡ್ಡವನಾದ ಮೇಲೆ ತಾಲ್ಲೂಕುಗಳನ್ನೇ ಹಿಡಿದುಕೊಂಡೆ. ಮಾಲೂರಿನವರು ಬೆಂಗಳೂರಿನ ರೈಲು ಹೊರಟೇಬಿಟ್ಟಿತು ಎಂಬಂತೆ ಮಾತಾಡುತ್ತಾರೆ. ಮುಳಬಾಗಿಲಿನವರು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುತ್ತಾರೆ. ಶ್ರೀನಿವಾಸಪುರದವರು ಎರಡು ಭಾಷೆಯನ್ನೂ ಮಾವಿನ ಓಟೆಯ ಹಾಗೆ ಬಾಯಲ್ಲಿ ಹೊರಳಿಸಿಕೊಂಡೇ ಇರುತ್ತಾರೆ. ನಾವು ಕೋಲಾರದವರು ಮಾತ್ರ ಶುದ್ಧ ಕನ್ನಡ. ಇದನ್ನು ನಾವೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ. ಇವನು ಖಂಡಿತ ಟಿವಿಯಲ್ಲಿ ಬರುತ್ತಾನೆ ಎಂದು ಊರೆಲ್ಲ ನಂಬಿತ್ತು. ನಾನು ಬಂದು ಸೇರಿದ್ದು ಹಾಲು ತಂಪು ಮಾಡುವ ಕೇಂದ್ರದ ಹಿಂದಿನ ಕೋಣೆಗೆ. ಅಲ್ಲಿ ನನ್ನನ್ನು ನೋಡುವವರು ಇಬ್ಬರೇ, ಮೇಡಂ ಮತ್ತು ಫ್ರಿಜ್ಜು.

ಕೆಲಸ ಇಷ್ಟು. ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ, ಮೊಲೆಯೊಳಕ್ಕೆ ಟ್ಯೂಬಿನಿಂದ ಮದ್ದು ಏರಿಸುತ್ತಾರೆ. ಹಸು ಗುಣವಾಗುತ್ತದೆ, ಆದರೆ ಮದ್ದು ಕೆಲವು ದಿನ ಹಾಲಿನಲ್ಲಿ ಇಳಿಯುತ್ತಲೇ ಇರುತ್ತದೆ. ಅಷ್ಟೂ ದಿನ ಆ ಹಾಲನ್ನು ಯಾರೂ ಕುಡಿಯಬಾರದು. ಕಾಯಿಸಿದರೆ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೆ ತಿಳಿಯುವುದಿಲ್ಲ. ಕುಡಿದವರಿಗೆ ಅವತ್ತೇ ಏನೂ ಆಗದೆ ಇರಬಹುದು. ಆದರೆ ದಿನಾ ಇಷ್ಟಿಷ್ಟೇ ಒಳಗೆ ಹೋದರೆ, ನಾಳೆ ನಿಜವಾದ ಕಾಯಿಲೆ ಬಂದಾಗ ಅದೇ ಮದ್ದಿಗೆ ಕಾಯಿಲೆಯ ಹುಳ ಜಗ್ಗುವುದಿಲ್ಲ. ಒಂದು ಹಸುವಿನ ಇಂಥ ಹಾಲು ಬಿದ್ದರೆ ಇಡೀ ಊರಿನ ಟ್ಯಾಂಕು ಕೆಟ್ಟಂತೆ.

ಇದನ್ನು ಹಿಡಿಯಲು ನಮ್ಮ ಕೈಯಲ್ಲಿರುವುದು ಬೆರಳುದ್ದದ ಒಂದು ಪಟ್ಟಿ, ಸ್ಟ್ರಿಪ್ ಅನ್ನುತ್ತೇವೆ. ಅದರ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಗುಳಿಯಲ್ಲಿ ಹಾಲನ್ನು ಒಳಗಿನ ಪುಡಿಯೊಡನೆ ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಪಟ್ಟಿಯನ್ನು ನಿಲ್ಲಿಸಬೇಕು. ಎರಡು ಕೆಂಪು ಗೆರೆ ಸರಿಯಾಗಿ ಮೂಡಿದರೆ ಹಾಲು ಪಾಸು. ಮೇಲಿನದು ಬಂದು ಕೆಳಗಿನದು ನಾಪತ್ತೆಯಾದರೆ ಮದ್ದಿದೆ ಎಂದರ್ಥ. ಗೆರೆ ಕಂಡರೆ ಮದ್ದಿಲ್ಲ, ಕಾಣದಿದ್ದರೆ ಇದೆ. ನನ್ನಂಥ ತಲೆಗೆ ಇದು ಅಷ್ಟು ಸುಲಭಕ್ಕೆ ಇಳಿಯುವ ವಿಷಯವಲ್ಲ. ಮೊದಲ ದಿನ ಗೆರೆ ಬಂದ ಹಾಲನ್ನೆಲ್ಲ ಫೇಲು ಮಾಡಿ, ಜಿಲ್ಲೆಯ ಹಸುಗಳೆಲ್ಲ ಆಸ್ಪತ್ರೆ ಸೇರಿವೆ ಎಂಬಂಥ ವರದಿ ಕೊಟ್ಟಿದ್ದೆ. ಮೇಡಂ ನೋಡಿ, ‘ಹಾಗಲ್ಲ ರೀ’ ಅಂದರು. ಅವರ ಜನ್ಮದಲ್ಲಿ ಆ ಮಾತು ಸರಿಯಾದ ಜಾಗದಲ್ಲಿ ಬಿದ್ದದ್ದು ಬಹುಶಃ ಅವತ್ತೇ.

ಯಲ್ದೂರಿನಿಂದ ಆಚೆ, ಮಾವಿನ ತೋಪುಗಳ ನಡುವೆ ಒಂದು ಸಣ್ಣ ಊರಿದೆ. ಅಲ್ಲಿರುವುದು ಹೆಂಗಸರದೇ ಹಾಲಿನ ಸಂಘ. ಹಾಲು ಅಳೆಯುವ ಕಟ್ಟಡವನ್ನು ಎಲ್ಲರೂ ಡೇರಿ ಅನ್ನುತ್ತಾರೆ. ಅದರೊಳಗೆ ಹಾಲು ತಂಪಾಗಿಡುವ ಸ್ಟೀಲಿನ ಟ್ಯಾಂಕಿದೆ. ಸಂಜೆಯ ಹಾಲು, ಮಾರನೇ ಬೆಳಗಿನ ಹಾಲು ಎರಡೂ ಅದರಲ್ಲಿ ಸೇರಿದ ಮೇಲೆ ಟ್ಯಾಂಕರ್ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಈ ಟ್ಯಾಂಕಿಗಾಗಿ ಸಂಘದ ಸೆಕ್ರೆಟರಿ ಅಕ್ಕ ಹತ್ತದ ಮೆಟ್ಟಿಲಿಲ್ಲ. ಅದು ಬರುವ ಮುಂಚೆ ಊರಿನ ಹೆಂಗಸರು ತಲೆಯ ಮೇಲೆ ಕ್ಯಾನು ಹೊತ್ತು ಪಕ್ಕದೂರಿಗೆ ನಡೆಯಬೇಕಿತ್ತು. ಅಲ್ಲಿಯವರು ತಮ್ಮ ಹಾಲೆಲ್ಲ ಅಳೆದಾದ ಮೇಲೆ, ‘ಇನ್ನೂ ಇದ್ದೀರಾ?’ ಎಂಬ ಮುಖ ಮಾಡಿ ಇವರದನ್ನು ತೆಗೆದುಕೊಳ್ಳುತ್ತಿದ್ದರಂತೆ. ಅಕ್ಕ ಈ ಕಥೆ ಹೇಳುವಾಗಲೆಲ್ಲ ಆ ಮುಖವನ್ನೂ ಮಾಡಿ ತೋರಿಸುತ್ತಾರೆ. ನಾನೂ ಮಾಡಲು ನೋಡಿದ್ದೇನೆ, ಅವರಷ್ಟು ಚೆನ್ನಾಗಿ ಬರುವುದಿಲ್ಲ.

ಆ ಊರಿನ ಟ್ಯಾಂಕು ಒಮ್ಮೆ ಫೇಲಾಯಿತು. ಯಾರೋ ತಿಳಿಯದೆ ಮದ್ದಿನ ಹಾಲು ಹಾಕಿದ್ದರು. ಹೋಗಿ ತಿಳಿಹೇಳಿ ಬನ್ನಿ ಎಂದು ಮೇಡಂ ನನ್ನನ್ನು ಕಳಿಸಿದರು.

ಡೇರಿಯ ಮುಂದಿನ ಹುಣಸೆಮರದ ಕೆಳಗೆ ಹೆಂಗಸರೆಲ್ಲ ಕೂತಿದ್ದರು. ಅಷ್ಟು ದೊಡ್ಡ ಸಭೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಹೇಳಬೇಕಾದ್ದು ಒಂದೇ ಸಾಲು: ಇಂಜೆಕ್ಷನ್ ಆದ ಹಸುವಿನ ಹಾಲು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ. ಅದನ್ನು ನಾನು ಮೊದಲು ಡಾಕ್ಟರ ದನಿಯಲ್ಲಿ ಹೇಳಿದೆ, ಆಮೇಲೆ ಸೂಜಿ ಚುಚ್ಚಿಸಿಕೊಂಡ ಹಸುವಿನ ದನಿಯಲ್ಲಿ, ಕೊನೆಗೆ ಮೇಡಂ ದನಿಯಲ್ಲಿ. ‘ಹಾಗಲ್ಲ ರೀ, ಹಾಲು ಹಾಕಬಾರದು ರೀ, ಹ್ಞುಂ’ ಅನ್ನುವ ಹೊತ್ತಿಗೆ ಮುಂದೆ ಕೂತ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ‘ಇನ್ನೊಂದ್ಸಲ ಮಾಡು ಕಣ್ಲಾ, ಆ ಯಮ್ಮಂದು’ ಅಂದರು. ಮಾಡಿದೆ. ಜನ ನಕ್ಕರೆ ಪಾಠ ಇಳಿಯಿತು ಎಂದುಕೊಳ್ಳುವ ಮೇಷ್ಟರು ಕೆಲವರಿರುತ್ತಾರಲ್ಲ, ಅಂಥವನಾಗಿ ಎದೆ ಉಬ್ಬಿಸಿಕೊಂಡು ಬಸ್ಸು ಹತ್ತಿದೆ.

ಕೆಲವೇ ದಿನಗಳಲ್ಲಿ ಟ್ಯಾಂಕು ಮತ್ತೆ ಫೇಲಾಯಿತು.

ಈ ಸಲ ಮೇಲಿನಿಂದ ಮಾತು ಬಂತು. ಇನ್ನೊಮ್ಮೆ ಹೀಗಾದರೆ ಆ ಊರಿಗೆ ಟ್ಯಾಂಕರ್ ತಿರುಗುವುದಿಲ್ಲ. ಸೆಕ್ರೆಟರಿ ಅಕ್ಕ ನನಗೆ ಫೋನು ಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

‘ತಮ್ಮಾ, ನೀನು ಹೇಳ್ದಂಗೇ ಮಾಡ್ತಾ ಇದೀವಿ. ಇಂಜೆಕ್ಷನ್ ಆಗಿರೋ ಹಾಲು ಒಂದು ತೊಟ್ಟೂ ತಗೊಂಡಿಲ್ಲ. ಟ್ಯಾಂಕರ್ ನಿಂತೋದ್ರೆ ಮತ್ತೆ ಆ ಊರಿನವ್ರ ಮುಂದೆ ಕ್ಯಾನ್ ಹಿಡ್ಕೊಂಡು ನಿಂತ್ಕೋಬೇಕು ಕಣಪ್ಪ. ನಾನಂತೂ ನಿಲ್ಲಲ್ಲ, ಸಂಘ ಮುಚ್ಚಾಕ್ತೀನಿ. ಎಲ್ಲಿಂದ ಬರ್ತಾ ಐತೆ ಅಂತ ನೀನೇ ಬಂದು ಹುಡುಕಿ ಕೊಡು.’

ಮೇಡಂ ಕೂಡ ‘ಹಾಗಲ್ಲ ರೀ, ಹೋಗಿ ಬನ್ನಿ’ ಅಂದರು. ಸ್ಟ್ರಿಪ್ಪಿನ ಡಬ್ಬಿ ಹಿಡಿದು ಸಂಜೆಯ ಹಾಲಿನ ಹೊತ್ತಿಗೆ ಊರು ತಲುಪಿದೆ.

ಅವತ್ತು ಹಾಲು ಟ್ಯಾಂಕಿಗೆ ಬೀಳುವ ಮುಂಚೆ ಎಲ್ಲರ ಕ್ಯಾನುಗಳನ್ನೂ ಗೋಡೆಯ ಉದ್ದಕ್ಕೆ ನಿಲ್ಲಿಸಿದೆವು. ಒಬ್ಬೊಬ್ಬರ ಕ್ಯಾನಿನಿಂದ ಚೂರುಚೂರು ತೆಗೆದು, ಬೀದಿಗೊಂದರಂತೆ ಬೆರೆಸಿ ಸ್ಟ್ರಿಪ್ ಹಾಕಿದೆ. ಹೆಂಗಸರ ಮಾತು ಜೋರಾಗುತ್ತಿತ್ತು. ‘ಬೇಗ ನೋಡಪ್ಪ, ಮನೇಲಿ ಒಲೆ ಹಚ್ಬೇಕು’ ಎಂದು ಒಬ್ಬರು. ‘ಇವನು ನೋಡೋದ್ರೊಳಗೆ ಹಾಲು ಮೊಸರಾಗ್ತದೆ ಬಿಡು’ ಎಂದು ಇನ್ನೊಬ್ಬರು. ಹಿಂದಿನ ಸಲ ಚಪ್ಪಾಳೆ ಹೊಡೆದ ಕೈಗಳೇ ಈಗ ಸೊಂಟದ ಮೇಲಿದ್ದವು. ಮೂರು ಬೀದಿ ಪಾಸಾದವು. ಮೂಲೆಬೀದಿಯ ಸ್ಟ್ರಿಪ್ಪಿನಲ್ಲಿ ಕೆಳಗಿನ ಗೆರೆ ಬರಲಿಲ್ಲ. ಆ ಬೀದಿಯವರದನ್ನು ಬೇರೆ ಬೇರೆಯಾಗಿ ನೋಡುತ್ತ ಹೋದೆ. ಗೆರೆ ಬಾರದ ಕ್ಯಾನು ಸಿಕ್ಕಿತು. ಅದರ ಒಡತಿ, ಹಿಂದಿನ ಸಲ ಕಣ್ಣೀರು ಬರುವಂತೆ ನಕ್ಕಿದ್ದ ಅದೇ ಅಜ್ಜಿ.

ಪತ್ತೆದಾರನ ಅಮಲು ತಲೆಗೇರಿತ್ತು ನನಗೆ. ಡಾಕ್ಟರ ದನಿ ತೆಗೆದು, ‘ಏನಜ್ಜಿ, ಹಸುವಿಗೆ ಸೂಜಿ ಹಾಕಿಸಿ ಬಾಯಿ ಮುಚ್ಕೊಂಡಿದ್ದೀರಾ?’ ಅಂದೆ.

ಯಾರೂ ನಗಲಿಲ್ಲ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು.

‘ಏನ್ಲಾ ಅಂದೆ? ನನ್ ಹಸೂಗೆ ಸೂಜಿ ತಾಕಿದ್ರೆ ನನ್ ಕಣ್ಣೋಗ್ಲಿ. ಬಾ ಮನೆತಾವ್ಕೆ. ನಿನ್ ಎದುರ್ಗೇ ಕರೀತೀನಿ, ಅದ್ಕೂ ಆ ಕಡ್ಡಿ ಅದ್ದು. ಇಲ್ಲ ಅಂತ ಬಂದ್ರೆ ನೀನು ಅವತ್ತಿನ ಆ ಹಸೂನ ದನೀಲಿ ನನ್ ಹಸೂಗೆ ತಪ್ಪಾಯ್ತು ಅನ್ಬೇಕು.’

ಹೋದೆವು. ಸೆಕ್ರೆಟರಿ ಅಕ್ಕನೂ ಬಂದರು, ಹಿಂದೆ ಅರ್ಧ ಬೀದಿ ಬಂತು. ಕೆಚ್ಚಲಲ್ಲಿ ಉಳಿದಿದ್ದ ಹಾಲನ್ನು ಅಜ್ಜಿ ಲೋಟಕ್ಕೆ ಕರೆದರು. ನಾನು ಹತ್ತಿರದಿಂದ ನೋಡುವ ಗತ್ತಿನಲ್ಲಿ ಬಗ್ಗಿದೆ. ಹಸು ಬಾಲದಿಂದ ನನ್ನ ಕೆನ್ನೆಗೆ ಒಂದು ಬಿಟ್ಟಿತು. ಅದಂತೂ ಯಾರ ಅನುಕರಣೆಯೂ ಅಲ್ಲ, ಸ್ವಂತದ್ದು. ಹಟ್ಟಿಯ ಕಟ್ಟೆಯ ಮೇಲೆ ಸ್ಟ್ರಿಪ್ ನಿಲ್ಲಿಸಿ ಕಾದೆ. ಎರಡು ಗೆರೆಗಳೂ ಕುಂಕುಮ ಎಳೆದ ಹಾಗೆ ಮೂಡಿದವು. ಹಸು ಶುದ್ಧ. ಕ್ಯಾನು ಮಾತ್ರ ಮೈಲಿಗೆ.

‘ಅನ್ನು ತಪ್ಪಾಯ್ತು’ ಅಂದರು ಅಜ್ಜಿ.

‘ಅಂಬಾ’ ಅಂದೆ. ಆಗ ಎಲ್ಲರೂ ನಕ್ಕರು. ಸೆಕ್ರೆಟರಿ ಅಕ್ಕ ಮಾತ್ರ ನಗಲಿಲ್ಲ. ಮನೆಯಿಂದ ಡೇರಿಗೆ ಹೋಗುವ ಅಷ್ಟು ದಾರಿಯಲ್ಲಿ ಮದ್ದು ಆಕಾಶದಿಂದ ಬಿತ್ತೇ ಎಂದು ಅವರು ಕೇಳಿದರು. ಇಂಥ ಪ್ರಶ್ನೆ ಬಿದ್ದಾಗ ದೊಡ್ಡವರು ಗಡ್ಡ ಕೆರೆದುಕೊಳ್ಳುತ್ತಾರೆ. ನನಗೆ ಗಡ್ಡವೂ ಸರಿಯಾಗಿ ಬರುವುದಿಲ್ಲ.

ಅಜ್ಜಿಯ ಪಕ್ಕದ ಮನೆಯಾಕೆ ನನ್ನ ಕೆನ್ನೆ ನೋಡಿ ಮರುಗಿದರು. ನಲವತ್ತರ ಆಸುಪಾಸಿನ, ಮೆತ್ತನೆ ಮಾತಿನ ಹೆಂಗಸು. ‘ಬಾಪ್ಪ, ಒಂದು ಲೋಟ ಕಾಫಿ ಕುಡಿ, ಆಮೇಲೆ ಹುಡುಕೀವಂತೆ’ ಎಂದು ಕರೆದರು. ಅಕ್ಕನೂ ಅಜ್ಜಿಯೂ ಬಂದು ಜಗಲಿಯ ಮೇಲೆ ಕೂತರು. ಕಾಫಿ ಬಂತು. ನೀರಿನ ಸುಳಿವೇ ಇಲ್ಲ, ಬರೀ ಹಾಲು, ಮೇಲೆ ಕೆನೆ. ಕೋಲಾರದ ಹೋಟೆಲುಗಳಲ್ಲಿ ಹಾಲಿನ ನೆನಪಿನಲ್ಲಿ ಮಾಡಿದ ಕಾಫಿ ಕುಡಿದವನು ನಾನು. ಒಂದು ಲೋಟ ಮುಗಿಸಿದೆ. ಇನ್ನೊಂದು ಹಾಕಿದರು, ಅದನ್ನೂ ಮುಗಿಸಿದೆ. ಮೂರನೆಯದಕ್ಕೆ ‘ಸಾಕಕ್ಕ’ ಎಂದು ಬಾಯಲ್ಲಿ ಹೇಳುತ್ತ ಲೋಟ ಮುಂದೆ ಹಿಡಿದಾಗ ಅವರು ಅಂದರು:

‘ಕುಡೀಪ್ಪ, ಸಂಕೋಚ ಪಟ್ಕೋಬೇಡ. ಡೇರಿಗಂತೂ ಹಾಕೋಂಗಿಲ್ಲ ಅಂತ ನೀನೇ ಹೇಳಿದೀಯ. ಮನೇಲಿ ಹಾಲು ತುಂಬಿ ಹರೀತಾ ಐತೆ.’

ಮುಂದೆ ಚಾಚಿದ ಲೋಟ ಅಲ್ಲೇ ನಿಂತಿತು.

‘ಯಾಕಕ್ಕ, ನಿಮ್ಮ ಹಸುವಿಗೆ…?’

‘ಕೆಚ್ಚಲು ಊದ್ಕೊಂಡಿತ್ತಲ್ಲಪ್ಪ. ಡಾಕ್ಟ್ರು ಸೂಜಿ ಹಾಕಿ ಟ್ಯೂಬ್ ಏರಿಸಿ ಹೋದ್ರು. ನೀನು ಅವತ್ತು ಹೇಳ್ದಂಗೆ ಡೇರಿ ಕಡೆ ಒಂದು ತೊಟ್ಟೂ ಕಳಿಸಿಲ್ಲ, ಬೇಕಾದ್ರೆ ಅಕ್ಕನ್ನ ಕೇಳು.’

‘ಹೂಂ, ಕಳಿಸಿಲ್ಲ’ ಎಂದರು ಸೆಕ್ರೆಟರಿ ಅಕ್ಕ.

‘ಮತ್ತೆ ಆ ಹಾಲೆಲ್ಲ ಏನು ಮಾಡಿದ್ರಿ?’

‘ಏನ್ ಮಾಡೋದು. ಹಸು ಗಬ್ಬ ಇದ್ದಾಗ ನಮ್ಮನೇಲಿ ಹಾಲಿರ್ಲಿಲ್ಲ. ಈ ಅವ್ವನೇ ದಿನಾ ಒಂದು ಚೊಂಬು ಹಾಲು ಕೊಡ್ತಾ ಇದ್ರು, ಕೈಬದಲು. ಈಗ ನಮ್ದು ಕರೀತಾ ಐತೆ, ಡೇರಿಗೂ ಹೋಗಲ್ಲ, ಒಳ್ಳೇದೇ ಆಯ್ತು ಅಂತ ಅವರ ಹಾಲು ಅವರಿಗೆ ವಾಪಸ್ ಕೊಡ್ತಾ ಇದೀನಿ.’

ನಾನು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ಕೈಯಾಡಿಸಿದರು. ‘ನಾನೊಬ್ಳು ಅಷ್ಟು ಹಾಲು ಕುಡ್ದು ಏನ್ ಕುಸ್ತಿ ಆಡ್ಲಾ? ಕ್ಯಾನಿಗೆ ಸೇರಿಸ್ದೆ.’

ಕಾಫಿಯ ಹಾಲಿದ್ದ ಪಾತ್ರೆ ತರಿಸಿ ಸ್ಟ್ರಿಪ್ ಹಾಕಿದೆ. ಹಾಕುವ ಅಗತ್ಯವೇನೂ ಇರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಕೆಳಗಿನ ಗೆರೆ ಸುಳಿಯಲೇ ಇಲ್ಲ. ಆ ಹೊತ್ತಿಗೆ ನನ್ನ ಹೊಟ್ಟೆಗೆ ಅದ್ದಿದ್ದರೂ ಸುಳಿಯುತ್ತಿರಲಿಲ್ಲ. ಹಾಲಿನಲ್ಲಿ ಮದ್ದು ಹಿಡಿಯುವವನು ಎರಡು ಲೋಟ ಮದ್ದು ಕುಡಿದು, ಮೂರನೆಯದಕ್ಕೆ ಕೈ ಚಾಚಿದ್ದ.

ತಪ್ಪು ಯಾರದೆಂದು ಹುಡುಕಿದರೆ ಎಲ್ಲಿಯೂ ಸಿಗುವಂತಿರಲಿಲ್ಲ. ಪಕ್ಕದ ಮನೆಯಾಕೆ ಹೇಳಿದ ಮಾತು ಕೇಳಿದ್ದರು, ಪಡೆದದ್ದನ್ನು ಹಿಂತಿರುಗಿಸಿದ್ದರು. ಅಜ್ಜಿ ತಮ್ಮ ಮನೆಗೆ ಬಂದ ಹಾಲನ್ನು ತಮ್ಮ ಕ್ಯಾನಿಗೆ ಹಾಕಿದ್ದರು. ಡೇರಿಗೆ ಹಾಕಬೇಡಿ ಎಂದು ಮೂರು ದನಿಯಲ್ಲಿ ಕೂಗಿದ್ದ ಮಹಾನುಭಾವ, ಹಾಗಾದರೆ ಎಲ್ಲಿಗೆ ಹಾಕಬೇಕು ಎಂದು ಒಂದು ದನಿಯಲ್ಲೂ ಹೇಳಿರಲಿಲ್ಲ.

‘ಆ ಹಾಲು ಯಾರೂ ಕುಡೀಬಾರ್ದು, ಯಾರಿಗೂ ಕೊಡಬಾರ್ದು. ಡಾಕ್ಟ್ರು ಹೇಳಿದಷ್ಟು ದಿನ ಚೆಲ್ಲಿಬಿಡಿ’ ಅಂದೆ.

ಅಜ್ಜಿ ಮೆಲ್ಲಗೆ ಕೇಳಿದರು:

‘ಯಾರದ್ಲಾ ಇವತ್ತು ಹಾಲು-ತುಪ್ಪ?’

ನಮ್ಮ ಕಡೆ ಯಾರಾದರೂ ಸತ್ತರೆ ಮೂರನೇ ದಿನ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು, ತುಪ್ಪ ಬಿಡುತ್ತಾರೆ. ನೆಲಕ್ಕೆ ಹಾಲು ಬಿಡುವುದು ಅದೊಂದೇ ದಿನ. ಮನೆಮಂದಿಯೆಲ್ಲ ಬದುಕಿರುವಾಗ ಬೆಳಿಗ್ಗೆ ಸಂಜೆ ಪಾತ್ರೆಗಟ್ಟಲೆ ಹಾಲನ್ನು ಮಣ್ಣಿಗೆ ಬಿಟ್ಟರೆ ಅದು ಯಾರನ್ನೋ ಮಣ್ಣಿಗೆ ಕರೆದಂತೆ. ಯಾರನ್ನು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯಾಕೆಯ ಮುಖ ಸಣ್ಣಗಾಗಿತ್ತು. ‘ನಮ್ಮ ಯಜಮಾನ್ರು ಲಾರೀಲಿ ಓಡಾಡೋರಪ್ಪ’ ಅಂದರು. ಅಷ್ಟೇ.

ಸೆಕ್ರೆಟರಿ ಅಕ್ಕ ನನ್ನನ್ನೇ ನೋಡುತ್ತಿದ್ದರು. ಇವತ್ತು ಇದು ಇತ್ಯರ್ಥವಾಗದಿದ್ದರೆ ನಾಳೆ ಆ ಹಾಲು ಇನ್ನಾವುದೋ ಮನೆಗೆ ಕೈಬದಲಾಗಿ ಹೋಗಿ, ಇನ್ನಾವುದೋ ಕ್ಯಾನಿನಿಂದ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಟ್ಯಾಂಕರ್ ಬರುವುದಿತ್ತು.

‘ಕೊಡಿ ಇಲ್ಲಿ, ನಾನೇ ಚೆಲ್ತೀನಿ. ಏನಾಗತ್ತೆ ನೋಡೇಬಿಡೋಣ’ ಎಂದು ಪಾತ್ರೆ ಕಿತ್ತುಕೊಂಡು ಹಿತ್ತಲಿಗೆ ನಡೆದೆ. ನಾನು ವಿಜ್ಞಾನ ಓದಿದವನು. ಲ್ಯಾಬಿನ ಸಿಂಕಿಗೆ ದಿನವೂ ಹಾಲು ಸುರಿಯುವವನು. ತಿಪ್ಪೆಯ ಪಕ್ಕದಲ್ಲಿ ನಿಂತು ಪಾತ್ರೆ ಬಗ್ಗಿಸಿದೆ. ಸಿಂಕು ಸಿಂಕೇ, ಮಣ್ಣು ಮಣ್ಣೇ. ಅಪ್ಪ ಹೋದ ಮೂರನೇ ದಿನ ವಕ್ಕಲೇರಿಯ ನಮ್ಮ ಹೊಲದ ಬದುವಿನಲ್ಲಿ ಇದೇ ಕೈಯಿಂದ ಹಾಲು ಬಿಟ್ಟಿದ್ದೆ. ಹಸಿಮಣ್ಣು ಅದನ್ನು ಸದ್ದಿಲ್ಲದೆ ಕುಡಿದುಕೊಂಡಿತ್ತು. ಅವತ್ತು ನಾನು ಯಾರ ದನಿಯನ್ನೂ ಮಾಡಿರಲಿಲ್ಲ. ಈಗ ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತು, ನನ್ನ ಕೈ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

‘ಪಾತ್ರೆ ಸುಡ್ತಾ ಇದೆ’ ಅಂದೆ.

‘ಆರಿ ತಣ್ಣಗಾಗಿ ಎಷ್ಟೊತ್ತಾಯ್ತು’ ಎಂದರು ಪಕ್ಕದ ಮನೆಯಾಕೆ.

ಬೇರೆ ದಾರಿ ಕಾಣದೆ ಮೇಡಂಗೆ ಫೋನು ಹಚ್ಚಿ, ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ. ಮೇಡಂ ಮಾಲೂರಿನ ಬಸ್ಸಿನಲ್ಲಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ದನಿ ಬಂತು: ‘ಹಾಗಲ್ಲ ರೀ…’

ಜಗಲಿ ನಗುವಿನಲ್ಲಿ ಸಿಡಿಯಿತು.

‘ನೋಡೇ, ಬಾಯಿ ಮುಚ್ಕೊಂಡೇ ಮಾಡ್ತಾವ್ನೆ!’ ಎಂದರು ಅಜ್ಜಿ. ‘ಹೋದ್ಸಲಕ್ಕಿಂತ ಚೆನ್ನಾಗೈತೆ ಕಣ್ಲಾ! ಆ ‘ಹ್ಞುಂ’ ಕೆಮ್ಮೂ ಮಾಡು.’

‘ಅಜ್ಜಿ, ಇವ್ರು ನಿಜವಾದ ಮೇಡಂ!’

‘ಆಯ್ತಾಯ್ತು, ನಾನೂ ನಿಜವಾದ ರಾಣೀನೇ.’

ಫೋನಿನಿಂದ ಮೇಡಂ ಶಾಂತವಾಗಿ ಕೇಳಿದರು, ‘ನನ್ನ ಥರ ಮಾತಾಡ್ತೀರಾ ನೀವು?’

ಇಂಥ ಪ್ರಶ್ನೆಗೆ ಯಾವ ದನಿಯಲ್ಲಿ ಉತ್ತರ ಕೊಡಬೇಕು?

‘ಹಾಗಲ್ಲ ರೀ, ಅವರಿಗೆ ನಂಬಿಕೆ ಬರಬೇಕು ತಾನೆ? ನಾನು ಒಂದರಿಂದ ಎಣಿಸ್ತೀನಿ. ಅದೇ ಹೊತ್ತಿಗೆ ನೀವು ನನ್ನ ದನೀಲಿ ಮಾತಾಡಿ. ಎರಡೂ ಒಟ್ಟಿಗೆ ಕೇಳಿಸಿದ್ರೆ ನಾನು ಬೇರೆ, ನೀವು ಬೇರೆ ಅಂತ ಗೊತ್ತಾಗತ್ತೆ. ಹ್ಞುಂ.’

ಪರೀಕ್ಷೆ ಅಂದರೆ ಹಾಗೆ ಮಾಡಬೇಕು. ಮೇಡಂ ಎಣಿಸತೊಡಗಿದರು. ನಾನು, ಮೇಡಂ ಕಿವಿಗೇ ಬೀಳುವಂ­ತೆ, ಮೇಡಂ ದನಿಯಲ್ಲಿ, ‘ಹಾಗಲ್ಲ ರೀ, ಹಾಲು ಹಾಕಬಾರದು ರೀ, ಹ್ಞುಂ’ ಅಂದೆ. ನನ್ನ ಬದುಕಿನಲ್ಲಿ ಇಷ್ಟು ಕೆಟ್ಟ ಪ್ರದರ್ಶನ ಇನ್ನೊಂದಿಲ್ಲ. ಹಸುವಿನ ದನಿಯೂ ನಡುವೆ ಸೇರಿಕೊಂಡಿತು. ಆದರೂ ಅಜ್ಜಿ ಫೋನನ್ನೂ ನನ್ನ ಬಾಯನ್ನೂ ಎರಡು ಸಲ ನೋಡಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

‘ತಪ್ಪು ತಿಳ್ಕೋಬೇಡ ತಾಯಿ’ ಎಂದು ಫೋನಿಗೆ ಹೇಳಿ, ನನ್ನ ಕಡೆ ತಿರುಗಿ, ‘ನಿಂದೇ ಒಂದು ಚೂರು ಚೆನ್ನಾಗಿತ್ತು’ ಅಂದರು. ಅದೂ ಸ್ಪೀಕರಿನಲ್ಲಿ ಹೋಯಿತು.

ಮೇಡಂ ಅದನ್ನು ಕಿವಿಗೆ ಹಾಕಿಕೊಳ್ಳದೆ ಕೇಳಿದರು: ‘ಅಜ್ಜಿ, ನೆಲಕ್ಕೆ ಹಾಲು ಬಿಡಬಾರದು, ಗೊತ್ತು. ನಮ್ಮತ್ತೇನೂ ಬಿಡಲ್ಲ. ಆದ್ರೆ ಕಾಯಿಸುವಾಗ ಹಾಲು ಒಡೆದುಹೋದ್ರೆ ಏನ್ ಮಾಡ್ತೀರಿ?’

‘ಒಡೆದಿದ್ದಾ? ಬೆಲ್ಲ ಹಾಕಿ ತಿಂತೀವಿ!’

‘ಹಾಗಲ್ಲ ರೀ! ತಿನ್ನಬಾರದು! ಮದ್ದು ಅದರಲ್ಲೂ ಇರತ್ತೆ.’

ಮತ್ತೆ ಗಂಟು ಬಿತ್ತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಾಳಾಗಿ ನಾರುವ ಒಡೆದ ಹಾಲನ್ನು ಚೆಲ್ಲುತ್ತೇವಲ್ಲ, ಅದಕ್ಕೆ ದೋಷ ಉಂಟೇ ಎಂದು ಯಾರೋ ಕೇಳಿದರು. ಅದು ಹಾಲೇ ಅಲ್ಲವಲ್ಲ, ದೋಷ ಎಲ್ಲಿಂದ ಎಂದು ಇನ್ನೊಬ್ಬರು. ಕೊನೆಗೆ ಸೆಕ್ರೆಟರಿ ಅಕ್ಕ ಎದ್ದು ನಿಂತರು.

‘ಹಂಗಾದ್ರೆ ಹಿಂಗ್ ಮಾಡಾಣ. ಹುಣಸೆಹುಳಿ ಬಿಟ್ಟು ಒಡೆಸಾಣ, ಆವಾಗ ಅದು ಹಾಲಲ್ಲ. ಮೇಲೆ ಒಂದು ಬೊಗಸೆ ಸಗಣಿ ಕಲಸಾಣ, ಆವಾಗ ಅದು ತಿನ್ನೋದಲ್ಲ. ಆಮೇಲೆ ಗುಂಡಿಗೆ ಹಾಕಿ ಮಣ್ಣು ಮುಚ್ಚಾಣ. ಏನವ್ವ?’

‘ಸರಿ’ ಅಂದರು ಅಜ್ಜಿ, ಪಕ್ಕದ ಮನೆಯಾಕೆಯ ಕಡೆ ತಿರುಗಿ. ‘ನನ್ ಕೈಬದಲು ಈಗ್ಲೇ ಬ್ಯಾಡ ಕಣೇ. ನಿನ್ ಹಸು ನೆಟ್ಟಗಾದ್ಮೇಲೆ ಕೊಡೀವಂತೆ. ನಾನೇನು ಅಷ್ಟ್ರಲ್ಲಿ ಸಾಯಲ್ಲ.’

ಹುಣಸೆನೀರನ್ನು ಅಜ್ಜಿಯ ಕ್ಯಾನಿಗೂ ಕಾಫಿಯ ಹಾಲಿಗೂ ಬಿಟ್ಟದ್ದು ಪಕ್ಕದ ಮನೆಯಾಕೆಯೇ. ಹಾಲು ಮುದ್ದೆಮುದ್ದೆಯಾಗಿ ಒಡೆದು ಹಳದಿ ನೀರು ಬೇರೆಯಾಯಿತು. ಅವರು ಬಗ್ಗಿ ನೋಡಿ, ಹಾಲಲ್ಲ ಎಂದು ಖಾತ್ರಿ ಮಾಡಿಕೊಂಡು, ಉಸಿರುಬಿಟ್ಟರು. ಸಗಣಿ ಕಲಸುವ ಕೆಲಸ ನನಗೆ ಬಂತು. ಕಲಸಿದೆ. ಗುಂಡಿಗೆ ಹಾಕುವಾಗ ಕೈ ಮುಂದಕ್ಕೆ ಹೋಯಿತು, ಮೂಗು ಮಾತ್ರ ಹಿಂದೆ ಸರಿಯಿತು. ಉಳಿದವರ ಹಾಲು ಟ್ಯಾಂಕಿಗೆ ಇಳಿಯಿತು. ನಾನು ಕೋಲಾರದ ಬಸ್ಸು ಹಿಡಿದೆ. ಪಕ್ಕದಲ್ಲಿ ಕೂತವರು ಶ್ರೀನಿವಾಸಪುರ ಬರುವ ಮುಂಚೆಯೇ ಎದ್ದು ಬೇರೆ ಸೀಟಿಗೆ ಹೋದರು.

ಬೆಳಿಗ್ಗೆ ಟ್ಯಾಂಕರಿನಲ್ಲೇ ಹೊರಟೆ. ಡ್ರೈವರಣ್ಣ ಮುಳಬಾಗಿಲಿನವರು. ದಾರಿಯುದ್ದಕ್ಕೂ ಅವರ ಕಟ್ಟಳೆ ಒಂದೇ: ಫೇಲಾದರೆ ಪೈಪು ಬಿಚ್ಚುವುದಿಲ್ಲ, ಗಾಡಿ ತಿರುಗಿಸಿಕೊಂಡು ಹೋಗುತ್ತೇನೆ, ನನಗೆ ಹೇಳಿರುವುದು ಅಷ್ಟೇ. ಡೇರಿಯ ಮುಂದೆ ಗಾಡಿ ನಿಂತಾಗ ಹೆಂಗಸರು ಬೆಳಗಿನ ಹಾಲು ಹಾಕಿ ಮುಗಿಸಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ಖಾಲಿ ಕ್ಯಾನುಗಳನ್ನು ಸೊಂಟಕ್ಕೆ ಇರಿಸಿಕೊಂಡು ನಿಂತಿದ್ದರು.

ಟ್ಯಾಂಕಿನ ಹಾಲು ಕಲಕಿ, ಚೂರು ತೆಗೆದು, ಗುಳಿಯಲ್ಲಿ ಕದಡಿ, ಸ್ಟ್ರಿಪ್ ನಿಲ್ಲಿಸಿದೆ. ಸೆಕ್ರೆಟರಿ ಅಕ್ಕ ನನ್ನ ಹೆಗಲ ಹಿಂದೆ ನಿಂತರು. ಅವರ ಉಸಿರು ನನಗೆ ಕೇಳುತ್ತಿತ್ತು. ಮೇಲಿನ ಗೆರೆ ಕೆಂಪಗೆ ಬಂತು. ಕೆಳಗಿನದು ಇದ್ದೂ ಇಲ್ಲದ ಹಾಗೆ, ಬಟ್ಟೆಯಲ್ಲಿ ತೊಳೆದ ಕಲೆಯಷ್ಟು.

‘ಏನಪ್ಪ?’ ಎಂದರು ಅಕ್ಕ.

‘ಹೊತ್ತು ಮುಗೀಲಿ ಅಕ್ಕ. ಪೂರ್ತಿ ಹೊತ್ತಾಗೋ ತನಕ ಓದಬಾರ್ದು.’

‘ಏಮಪ್ಪಾ ಸೈಂಟಿಸ್ಟು, ಇಂಕಾ ಎಂತಸೇಪು?’ ಎಂದು ಡ್ರೈವರಣ್ಣ ಬಾಗಿಲಿನಿಂದ ಕೂಗಿದರು, ಇನ್ನೂ ಎಷ್ಟು ಹೊತ್ತು ಅಂತ. ಬೇರೆ ದಿನವಾಗಿದ್ದರೆ ಅದೇ ಮಾತನ್ನು ಅದೇ ದನಿಯಲ್ಲಿ ಅವರಿಗೇ ವಾಪಸ್ ಕೊಡುತ್ತಿದ್ದೆ. ಅವತ್ತು ಗೆರೆಯನ್ನೇ ನೋಡುತ್ತಿದ್ದೆ. ಅದು ಯಾವ ಅವಸರವೂ ಇಲ್ಲದೆ, ಒಳಗಿನಿಂದ ಬಣ್ಣ ಊರುವ ಹಾಗೆ, ಗಟ್ಟಿಯಾಗುತ್ತ ಬಂತು. ಹೊತ್ತು ಮುಗಿದಾಗ ಮೇಲಿನದಕ್ಕೆ ಸರಿಸಾಟಿಯಾಗಿ ನಿಂತಿತ್ತು. ಸ್ಟ್ರಿಪ್ಪನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಅಜ್ಜಿಗೆ ತೋರಿಸಿದರು. ಅಜ್ಜಿ ಪಕ್ಕದ ಮನೆಯಾಕೆಗೆ ತೋರಿಸಿದರು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಡ್ರೈವರಣ್ಣ ಪೈಪು ಎಳೆದುಕೊಂಡು ಬಂದು, ‘ಸುಮ್ನೆ ನಿಲ್ಬೇಡ, ಪಟ್ಕೋ’ ಎಂದು ಒಂದು ತುದಿಯನ್ನು ನನ್ನ ಕೈಗಿಟ್ಟರು. ಮೋಟಾರು ಗುರ್ರೆಂದಿತು. ಊರಿನ ಹಾಲೆಲ್ಲ ನನ್ನ ಅಂಗೈ ಕೆಳಗೆ ತಣ್ಣಗೆ ಹಾದುಹೋಗತೊಡಗಿತು. ಟ್ಯಾಂಕಿನ ತಳ ಹೊಳೆಯುವವರೆಗೆ ಅಕ್ಕ ಅಲ್ಲಾಡದೆ ನೋಡುತ್ತ ನಿಂತರು. ಪೈಪು ಕೊನೆಯ ಸಲ ಗೊರಗೊರ ಎಂದು ನಿಂತ ಮೇಲೆ ಕೇಳಿದರು:

‘ನಾಳೆ ಎಷ್ಟೊತ್ತಿಗೆ ಬರ್ತೀಯಣ್ಣ?’

‘ಯಾವಾಗ್ಲೂ ಬರೋ ಟೈಮುಕೇ ಅಕ್ಕಾ. ಮಾಮೂಲು.’

‘ಸರಿ’ ಎಂದು ಅವರು ಟ್ಯಾಂಕು ತೊಳೆಯಲು ಬಿಸಿನೀರು ತರಲು ಹೋದರು.